ಎರಡು ಮೊಳ, ಒಂದು ಗೇಣು

ವಾರ್ಡೋ ಊರಲ್ಲಿ ಜೂನ್ ತಿಂಗಳಿಗೆ ರಾತ್ರಿ ಇಲ್ಲ,
ಇದ್ದರೆ ಗಡಿಯಾರದಲ್ಲಿ ಮಾತ್ರ.
ಈ ಸಲ ನಮಗೆ ಪರದೆಯೂ ಇಲ್ಲ.
ಮನೆ ಬಿಟ್ಟು ಹೋಗುವಾಗ ಥೂರೆ
ಅವನ್ನೂ ಬಿಚ್ಚಿಕೊಂಡು ಹೋದ.
"ಅಮ್ಮ ಹೊಲಿದದ್ದು" ಎಂದ.
ಸರಿ, ಅಮ್ಮನದು ಅಮ್ಮನಿಗೆ.
ಗೋಡೆಯಲ್ಲಿ ನಾಲ್ಕು ಮೊಳೆ ಬಿಟ್ಟಿದ್ದ,
ಅಷ್ಟಾದರೂ ಇರಲಿ ಅಂತಲೋ, ಕೀಳಲು ಬೇಜಾರಾಗಿಯೋ.

ಐಲಿಫನಿಗೆ ಆರು ವರ್ಷ.
ರಾತ್ರಿ ಹನ್ನೊಂದಕ್ಕೆ ಎದ್ದು ಕೂತು
"ಅಮ್ಮಾ, ಬೆಳಗಾಯಿತು" ಅನ್ನುತ್ತಾನೆ.
ಒಂದಕ್ಕೆ ಮತ್ತೆ, "ಬೆಳಗಾಯಿತು."
ಮೂರಕ್ಕೆ ನನಗೇ ಅನುಮಾನ.
ಐದಕ್ಕೆ ಕಾರ್ಖಾನೆಯಲ್ಲಿ ಕಾಡ್ ಮೀನಿನ ಹೊಟ್ಟೆ ಸೀಳಬೇಕು,
ತೂಕಡಿಸಿದರೆ ಬೆರಳು ಹೋಗುತ್ತದೆ.

ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ,
ಸೋಪಿನ ನೀರು ಸವರಿ ಗಾಜಿಗೆ ಮೆತ್ತಿದೆ.
ಮಧ್ಯಾಹ್ನವೇ ಎದುರುಮನೆಯ ಓಸ್ಲೌಗ್ ಬಾಗಿಲು ಬಡಿದಳು:
"ನಿನ್ನ ಕಿಟಕಿಯ ಸೂರ್ಯ ನನ್ನ ಬೆಣ್ಣೆ ಕರಗಿಸುತ್ತಿದ್ದಾನೆ."
ಕಿತ್ತೆ.
ಆಮೇಲೆ ಉಣ್ಣೆಯ ಕಂಬಳಿ.
ಮೊಳೆಗೆ ಸಿಕ್ಕಿಸಿದ್ದು ನಡುರಾತ್ರಿ ದೊಪ್ಪನೆ
ಹುಡುಗನ ಮೇಲೆಯೇ ಬಿತ್ತು.
ಒಳಗಿಂದ ದನಿ: "ಬೆಳಗಾಯಿತಾ?"

ಪೇಟೆಯಲ್ಲಿ ಪರದೆಯ ಸರಳಿಗೆ ನಾನೂರು ಕ್ರೋನ್.
ಬರೀ ಸರಳಿಗೆ!
ಕೈಯಲ್ಲಿ ತೂಗಿ ನೋಡಿ ಇಟ್ಟುಬಂದೆ.

ಚರ್ಚಿನ ನೆಲಮಾಳಿಗೆಯಲ್ಲಿ ಹಳೆ ಸಾಮಾನು ಮಾರುವ ಗುನ್ವೋರ್
ಎರಡು ಮೇಜುಬಟ್ಟೆ ಎಳೆದು ತೆಗೆದಳು,
ಎರಡಕ್ಕೂ ಸೇರಿ ಮೂವತ್ತು.
"ಉದ್ದ ಎಷ್ಟು ಬೇಕು?"
ಟೇಪು ತಂದಿರಲಿಲ್ಲ, ಮನೆಯಲ್ಲೇ ಕೈಯಲ್ಲಿ ಅಳೆದಿದ್ದೆ,
ಆ ಕೈಯನ್ನು ತಂದಿದ್ದೆ.
ಮೊಳಕೈಯಿಂದ ಬೆರಳ ತುದಿಗೆ ಎರಡು ಸಲ,
ಮೇಲೊಂದು ಗೇಣು.
ಬಟ್ಟೆಯ ತುಂಬ ಯಾರದೋ ಊಟಗಳು ಒಣಗಿದ್ದವು,
ಕಾಫಿ ಲೋಟದ ಬಳೆಗಳು, ಬೀಟ್‌ರೂಟಿನ ಒಂದು ಹನಿ,
ಮೇಣದಬತ್ತಿ ಸುಟ್ಟ ಒಂದು ತೂತು.
ಒಗೆದೆ. ಊಟ ಹೋಗಲಿಲ್ಲ.

ಬೆನ್ನಿಗೆ ಕಪ್ಪು ಕಸದ ಚೀಲ ಸೀಳಿ ಇಟ್ಟು
ಸುತ್ತ ಅಂಚು ಮಡಚಿ ಹೊಲಿದೆ,
ಕುಡಿದವನ ದೋಣಿ ದಡಕ್ಕೆ ಬಂದ ಹಾಗೆ ಹೊಲಿಗೆ.
ಸರಳಿಗೆ ಅಪ್ಪನ ಗಾಳದ ಕೋಲು,
ಉಂಗುರಕ್ಕೆ ಉಪ್ಪಿನಕಾಯಿ ಜಾಡಿಗಳ ರಬ್ಬರು.
ನಾಲ್ಕು ಮೊಳೆಯಲ್ಲಿ ಎರಡು ಸಾಕಾದವು.

ಏರಿಸುವಾಗ, ಕೋಲಿನ ತುದಿಗೆ ಉಳಿದಿದ್ದ ಕೊಕ್ಕೆ
(ಅಪ್ಪ ಹೋಗಿ ಒಂಬತ್ತು ವರ್ಷ, ಅದಿನ್ನೂ ಚೂಪು)
ಆ ಸುಟ್ಟ ತೂತಿನೊಳಗೆ ಹಾದು
ಪ್ಲಾಸ್ಟಿಕ್ಕನ್ನು ಚುಚ್ಚಿತು.

ಕತ್ತಲಾಯಿತು.
ಕೈಗೆ ಕೈ ಕಾಣದ ನಿಜವಾದ ಕತ್ತಲು.
ಆಮೇಲೆ, ಕಣ್ಣು ಒಗ್ಗಿದ ಹಾಗೆ,
ಹಾಸಿಗೆಯ ಆಚೆ ಬಿಳಿ ಗೋಡೆಯ ಮೇಲೆ
ಬೀದಿ ತಲೆಕೆಳಗಾಗಿ ಇಳಿಯಿತು.
ಕೆಳಗೆ ಆಕಾಶ, ಮೇಲೆ ಡಾಂಬರು,
ಬಂದರಿನಲ್ಲಿ ದೋಣಿಗಳು ಬಾವಲಿಗಳಂತೆ.
ನಾಯಿಯ ಜೊತೆ ತಲೆಯ ಮೇಲೆ ನಡೆದಳು ಓಸ್ಲೌಗ್.
ಐಲಿಫ್ ನಕ್ಕೂ ನಕ್ಕೂ ಬಿಕ್ಕಳಿಸಿದ.
ಬೆಳಗಾಯಿತು ಅನ್ನುವುದು ಮರೆತೇಹೋಯಿತು.
ನಗುವಿನ ನಡುವೆಯೇ ಎಲ್ಲೋ ನಿದ್ದೆಗೆ ಜಾರಿದ.

ನಾನು ಮಲಗಲಿಲ್ಲ.
ಹನ್ನೆರಡರ ಬಿಸಿಲಲ್ಲಿ ಒಬ್ಬ ಬಂದ,
ಸೂರಿನ ಕಡೆಗೆ ಕಾಲು, ಕೈಯಲ್ಲಿ ಚೀಲ.
ಎಡಗಾಲು ಬಲಗಾಲಾಗಿತ್ತು,
ಆದರೂ ಆ ಎಳೆದು ಹಾಕುವ ಹೆಜ್ಜೆ
ತಲೆಕೆಳಗಾದರೂ ಗುರುತು ಸಿಗುತ್ತದೆ.
ಗೇಟಿನ ಬಳಿ ನಿಂತ.
ಕಪ್ಪು ಕಿಟಕಿ ನೋಡಿ ನಾವಿಲ್ಲವೆಂದುಕೊಂಡನೋ,
ಮಲಗಿದ್ದೇವೆಂದುಕೊಂಡನೋ.
ಚೀಲ ಇಟ್ಟು, ಛಾವಣಿಯ ಅಂಚು ಹಿಡಿದು ಹೊರಟುಹೋದ.

ಬೆಳಿಗ್ಗೆ (ಗಡಿಯಾರ ಹೇಳಿದ ಬೆಳಿಗ್ಗೆ) ತೆಗೆದು ನೋಡಿದೆ.
ಅವೇ ಪರದೆಗಳು.
ಇಸ್ತ್ರಿ ಮಾಡಿದ್ದ. ಮಡಿಕೆ ಸೊಟ್ಟ.

ಅಡುಗೆಮನೆಯ ಕಿಟಕಿ ಅಳೆದೆ,
ಒಂದು ಮೊಳ, ಎರಡು ಗೇಣು.
ಉಳಿದ ಆ ಎರಡು ಮೊಳೆಯನ್ನು ಕಿತ್ತು ತಂದೆ,
ಒಂದು ಪರದೆ ಸಾಕು.
ಇನ್ನೊಂದನ್ನು ಮಡಚಿ ಬಾಗಿಲ ಬಳಿ ಇಟ್ಟಿದ್ದೇನೆ,
ಕೇಳಿದರೆ ಕೊಡುತ್ತೇನೆ.

ತೂತಿಗೆ ಟೇಪು ಹಚ್ಚು ಅನ್ನುತ್ತಾಳೆ ಓಸ್ಲೌಗ್.
ಹಚ್ಚುತ್ತೇನೆ, ಆಗಸ್ಟ್ ಬರಲಿ.